ಲಂಗರಿ ಅಕ್ಕೋರು

ಹೋದ ತಿಂಗಳು ಅವರು ತೀರಿಕೊಂಡಾಗ ಪತ್ರಿಕೆಯವರು ಒಳಪುಟದ ಮೂಲೆಯಲ್ಲಿ ಒಂದಿಷ್ಟು ಸಾಲು ಹಾಕಿದ್ದರು. ಹೆಸರು ಸರಿಯಾಗಿತ್ತು, ವಯಸ್ಸು ಸರಿಯಾಗಿತ್ತು, ನಿವೃತ್ತ ಶಿಕ್ಷಕಿ ಎಂಬುದೂ ಸರಿಯೇ. ಅಡ್ಡಹೆಸರು ಮಾತ್ರ ‘ಲಿಂಗರಾಜ’ ಎಂದಾಗಿತ್ತು. ಲಂಗರಿ ಎಂಬ ಅಡ್ಡಹೆಸರು ಇರಲಿಕ್ಕಿಲ್ಲ ಎಂದು ಪತ್ರಿಕೆಯ ಕಚೇರಿಯಲ್ಲಿ ಯಾರೋ ಪುಣ್ಯಾತ್ಮರು ತಾವೇ ತಿದ್ದಿರಬೇಕು. ಅಳಬೇಕಾದ ಹೊತ್ತಿನಲ್ಲಿ ನಾನು ನಕ್ಕುಬಿಟ್ಟೆ. ಅವರು ಇದ್ದಿದ್ದರೆ ಆ ತುಣುಕನ್ನು ಕತ್ತರಿಸಿಟ್ಟುಕೊಂಡು, ಮನೆಗೆ ಬಂದವರಿಗೆಲ್ಲ ಚಹಾದ ಜೊತೆ ತೋರಿಸುತ್ತಿದ್ದರು.

ಅವರ ಸ್ವಂತ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದು ಪ್ರಯೋಜನವೂ ಇಲ್ಲ. ಅದು ಆ ಕಾಲದ ಹೆಣ್ಣುಮಕ್ಕಳಿಗೆ ಇಡುತ್ತಿದ್ದ ಹೆಸರು, ಕೇರಿಗೊಬ್ಬರು ಇದ್ದರು. ಹೊನ್ನಾವರದಲ್ಲಿ ಆ ಹೆಸರು ಹಿಡಿದು ವಿಚಾರಿಸಿದರೆ ಯಾವ ಮನೆಗಾದರೂ ಹೋಗಿ ಮುಟ್ಟಬಹುದಿತ್ತು. ‘ಲಂಗರಿ ಅಕ್ಕೋರು’ ಎಂದರೆ ಮಾತ್ರ ಬಸ್‌ಸ್ಟ್ಯಾಂಡಿನ ಹಮಾಲನೂ ದಾರಿ ತೋರಿಸುತ್ತಿದ್ದ. ನಮ್ಮ ಕಡೆ ಶಾಲೆಯ ಮಾಸ್ತರಿಣಿಗೆ ಅಕ್ಕೋರು ಅನ್ನುತ್ತಾರೆ. ಊರಿನಲ್ಲಿ ಅಕ್ಕೋರುಗಳು ಬೇಕಾದಷ್ಟಿದ್ದರು, ಲಂಗರಿ ಒಬ್ಬರೇ.

ನಮ್ಮ ಜಿಲ್ಲೆ ಮುಂಬಯಿ ಪ್ರಾಂತದಿಂದ ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ನಾನು ಮಿರ್ಜಾನದಿಂದ ಟ್ರಂಕು ಹೊತ್ತುಕೊಂಡು ಹೊನ್ನಾವರದ ಹುಡುಗಿಯರ ಶಾಲೆಗೆ ಕೆಲಸಕ್ಕೆ ಬಂದೆ. ನನ್ನ ಅಡ್ಡಹೆಸರು ನಾಯಕ. ಇದನ್ನು ಕೇಳಿದ ಮುಖ್ಯಾಧ್ಯಾಪಕಿಯವರು ಹಣೆ ಒತ್ತಿಕೊಂಡರು. ಕರಾವಳಿಯಲ್ಲಿ ನಾಯಕ ಎಂದರೆ ಏನನ್ನೂ ಹೇಳಿದ ಹಾಗಾಗುವುದಿಲ್ಲ. ಹತ್ತಾರು ಜಾತಿಗಳಲ್ಲಿ ನಾಯಕರಿದ್ದಾರೆ. ಕೊಂಕಣಿ ಮಾತಾಡುವ ನಾಯಕರಿದ್ದಾರೆ, ಕನ್ನಡ ಮಾತಾಡುವವರಿದ್ದಾರೆ. ಆ ಶಾಲೆಯಲ್ಲೇ ಆಗಲೇ ದೊಡ್ಡ ನಾಯಕ, ಲೆಕ್ಕದ ನಾಯಕ, ಹೊಲಿಗೆ ನಾಯಕ ಎಂದು ಗುರುತಿಟ್ಟುಕೊಂಡು ದಿನ ದೂಡುತ್ತಿದ್ದರು. ನಾನು ‘ಹೊಸ ನಾಯಕ’ ಆದೆ. ನನಗಿಂತ ಹೊಸಬರು ಬಂದ ಮೇಲೂ ನಾನು ಹೊಸ ನಾಯಕಳಾಗಿಯೇ ಉಳಿದೆ.

ಶಿಕ್ಷಕರ ಕೋಣೆಯಲ್ಲಿ ನನ್ನ ಪಕ್ಕದ ಕುರ್ಚಿ ಲಂಗರಿ ಅಕ್ಕೋರದು. ಎತ್ತರದ ಹೆಂಗಸು. ಗಂಡಸರ ದೊಡ್ಡ ಕೊಡೆಯನ್ನು ಬಿಸಿಲಿಗೂ ಮಳೆಗೂ ಹಿಡಿದು ತಿರುಗುತ್ತಿದ್ದರು. ನಕ್ಕರೆ ಸದ್ದು ಬರುತ್ತಿರಲಿಲ್ಲ, ಭುಜಗಳು ಮಾತ್ರ ಕುಲುಕುತ್ತಿದ್ದವು. ಆದ್ದರಿಂದ ಅವರ ಬೆನ್ನ ಹಿಂದೆ ಕೂತವರಿಗೆ ಅವರು ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯುತ್ತಿರಲಿಲ್ಲ. ಅವರು ಕಲಿಸುತ್ತಿದ್ದದ್ದು ಇತಿಹಾಸ. ಮೊದಲ ದಿನವೇ ನನ್ನ ಪೂರ್ತಿ ಹೆಸರು ಕೇಳಿ, “ಪಾಪ, ನಿಮ್ಮಲ್ಲಿ ಎಷ್ಟು ಗಲಾಟಿ. ನಮ್ಮಲ್ಲಿ ಹಂಗಿಲ್ಲ, ತಂಗಿ. ನಾನು, ನಮ್ಮಪ್ಪ. ಊಟಕ್ಕೆ ಕೂತ್ರೆ ಇಡೀ ಕುಲ ಕೂತ ಹಂಗೆ” ಅಂದರು.

ಮೊದಮೊದಲು ಇದು ಬರೀ ತಮಾಷೆ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅದು ನಿಜವೇ. ಅವರ ತಂದೆಗೆ ಅಣ್ಣತಮ್ಮಂದಿರು ಉಳಿದಿರಲಿಲ್ಲ. ಮುಂಬಯಿಗೆ ಹೋದ ಚಿಕ್ಕಪ್ಪನೊಬ್ಬರು ಮಕ್ಕಳಿಲ್ಲದೆ ಅಲ್ಲೇ ತೀರಿಕೊಂಡಿದ್ದರು. ಅಕ್ಕೋರಿಗೆ ಒಡಹುಟ್ಟಿದವರಿಲ್ಲ. ಕಾರವಾರದಿಂದ ಕುಂದಾಪುರದ ತನಕ ಇನ್ನೊಂದು ಲಂಗರಿ ಮನೆ ಇದ್ದದ್ದನ್ನು ಅವರು ಕೇಳಿರಲಿಲ್ಲ. ಬರೀ ‘ಲಂಗರಿ, ಹೊನ್ನಾವರ’ ಎಂದು ಬರೆದ ಕಾಗದ ನೇರ ಅವರ ಮನೆಗೆ ಬರುತ್ತಿತ್ತು. ನನ್ನ ಕಾಗದಗಳು ಊರಿನ ಎಲ್ಲ ನಾಯಕರ ಮನೆ ಸುತ್ತಿ, ಅರ್ಧ ಬಿಚ್ಚಿಕೊಂಡು ಬರುತ್ತಿದ್ದವು.

ಅಪರೂಪದ ಅಡ್ಡಹೆಸರು ಇದ್ದವರಿಗೆ ಒಂದು ಕಷ್ಟವಿದೆ. ಕೇಳಿದವರೆಲ್ಲ ಅರ್ಥ ಕೇಳುತ್ತಾರೆ. ನಾಯಕ ಎಂದರೆ ‘ಯಾವ ನಾಯಕರು’ ಅನ್ನುತ್ತಾರೆ. ಲಂಗರಿ ಎಂದರೆ ‘ಹಾಗೆಂದರೇನು’ ಅನ್ನುತ್ತಾರೆ. ಅಕ್ಕೋರು ಈ ಕಷ್ಟವನ್ನು ತಮ್ಮ ಮೋಜಿಗೆ ಬಳಸಿಕೊಂಡಿದ್ದರು. ಕೇಳಿದವರ ಮುಖ ನೋಡಿ ಮೂಲಪುರುಷನನ್ನು ಹುಟ್ಟಿಸುತ್ತಿದ್ದರು.

ಒಮ್ಮೆ ಶಾಲೆಯ ತಪಾಸಣೆಗೆ ಒಬ್ಬ ಡೆಪ್ಯುಟಿ ಸಾಹೇಬರು ಬಂದಿದ್ದರು. ಖಾದಿ ಉಟ್ಟ, ಬಲು ದೇಶಾಭಿಮಾನದ ಮನುಷ್ಯ. ಅವರು ಹೆಸರಿನ ಅರ್ಥ ಕೇಳಿದಾಗ ಅಕ್ಕೋರು ತಲೆ ತಗ್ಗಿಸಿ, ನಮ್ಮ ಹಿರಿಯರೊಬ್ಬರು ಬಾಯಲ್ಲಿ ಕತ್ತಿ ಕಚ್ಚಿಕೊಂಡು ಶರಾವತಿಯಲ್ಲಿ ಈಜಿಹೋಗಿ ಪರಂಗಿಯವರ ಹಡಗಿನ ಲಂಗರಿನ ಹಗ್ಗ ಕೊಯ್ದಿದ್ದರಂತೆ, ಹಡಗು ತೇಲಿಹೋಗಿ ಬಂಡೆಗೆ ಬಡಿಯಿತಂತೆ ಅಂದರು. ಸಾಹೇಬರು ಎದ್ದು ನಿಂತು ಕೈಮುಗಿದರು. ಆ ವರ್ಷ ಶಾಲೆಯ ಬಗ್ಗೆ ಒಳ್ಳೆಯ ವರದಿ ಹೋಯಿತು.

ನಮ್ಮ ಮುಖ್ಯಾಧ್ಯಾಪಕಿಯವರು ದೈವಭಕ್ತೆ, ಸಂಕಷ್ಟಿಗೆ ತಪ್ಪದೆ ಇಡಗುಂಜಿಗೆ ಹೋಗುವವರು. ಅವರಿಗೆ ಹೇಳಿದ್ದು ಬೇರೆ ಕತೆ. ಉತ್ತರದಲ್ಲಿ ಯಾತ್ರಿಕರಿಗೆ ಪುಕ್ಕಟೆ ಊಟ ಹಾಕುವ ಜಾಗಕ್ಕೆ ಲಂಗರ್ ಅನ್ನುತ್ತಾರೆ, ನಮ್ಮ ಹಿರಿಯರು ಕಾಶಿಗೆ ಹೋಗಿ ಬಂದು ಇಲ್ಲಿ ಅಂಥದೊಂದು ಅನ್ನಛತ್ರ ನಡೆಸಿ ಮನೆಮಠ ಕಳೆದುಕೊಂಡರು ಎಂದು. ಮುಖ್ಯಾಧ್ಯಾಪಕಿಯವರು ಆ ದಿನ ತಮ್ಮ ಡಬ್ಬಿಯ ಹೋಳಿಗೆಯನ್ನು ಅವರಿಗೆ ಕೊಟ್ಟರು.

ನಾನು ಕೇಳಿದಾಗ ಮೂಲಪುರುಷ ಕಳ್ಳನಾಗಿದ್ದ. ಮಾವಿನಕುರ್ವೆಯ ಹತ್ತಿರ ನಿಂತಿದ್ದ ಯಾವುದೋ ಹಡಗಿನ ಲಂಗರನ್ನೇ ರಾತ್ರೋರಾತ್ರಿ ಎತ್ತಿಕೊಂಡು ಬಂದು ಕಮ್ಮಾರನಿಗೆ ಮಾರಿದನಂತೆ. ಕಮ್ಮಾರ ಅದರಲ್ಲಿ ಕತ್ತಿ ಮಾಡಿ ಊರವರಿಗೆಲ್ಲ ಮಾರಿದನಂತೆ. “ಇಗ, ನಿಮ್ಮ ಮಿರ್ಜಾನದ ಮನೆಯ ಕಾಯಿಪಲ್ಲೆ ಹೆಚ್ಚೂ ಮೆಟ್ಟುಗತ್ತಿನೂ ನಮ್ಮ ಲಂಗರಿಂದೇ ಇರೂಕೆ ಸಾಕು” ಅಂದರು. ನನಗೇಕೆ ಕಳ್ಳನ ಕತೆ ಎಂದು ಕೇಳಿದೆ. ನೀನು ನಗುವ ಜಾತಿಯವಳು, ನಿನಗೆ ವೀರರನ್ನು ಕೊಟ್ಟರೆ ವ್ಯರ್ಥ ಅಂದರು.

ತರಗತಿಯ ತುಂಟ ಹುಡುಗಿಯರು ಈ ಯಾವ ಕತೆಯ ಗೊಡವೆಗೂ ಹೋಗದೆ ‘ಲಂಗದ ಅಕ್ಕೋರು’ ಎಂದು ಹೆಸರಿಟ್ಟಿದ್ದರು. ಅದು ಕಿವಿಗೆ ಬಿದ್ದ ದಿನ ಅಕ್ಕೋರು ಬೈಯಲಿಲ್ಲ. ಮರುದಿನ ಇತಿಹಾಸದ ಹೊತ್ತಿನಲ್ಲಿ ಗಂಭೀರವಾಗಿ, ಗೇರುಸೊಪ್ಪೆಯ ರಾಣಿಗೆ ಲಂಗ ಹೊಲಿದು ಕೊಡುತ್ತಿದ್ದವರು ನಮ್ಮ ಮನೆತನದವರು ಎಂದು ಹೇಳಿ, ರಾಣಿಯ ಲಂಗದ ಅಂಚು ಎಂಥದು, ನೆರಿಗೆ ಎಂಥದು ಎಂದು ಅರ್ಧ ಗಂಟೆ ವರ್ಣಿಸಿದರು. ಹುಡುಗಿಯರು ಅದನ್ನು ಬರೆದುಕೊಂಡರು. ವಾರ್ಷಿಕ ಪರೀಕ್ಷೆಯಲ್ಲಿ ಒಬ್ಬಳು ಬರೆದೂಬಿಟ್ಟಳು. ಅವಳಿಗೆ ಅಂಕ ಕೊಡಬೇಕೋ ಬೇಡವೋ ಎಂದು ಅಕ್ಕೋರು ನನ್ನನ್ನು ಕೇಳಿದಾಗ ಅವರ ಭುಜಗಳು ನಿಲ್ಲಲೇ ಇಲ್ಲ.

ನಿಜವಾದ ಮೂಲ ಯಾವುದು ಎಂದು ಅವರ ತಂದೆಯನ್ನು ಒಮ್ಮೆ ಕೇಳಿದ್ದೆ. ಅವರು ಬಂದರಿನಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತರಾದವರು. ಮಗಳು ಆಡುವಷ್ಟು ಮಾತನ್ನು ಅವರು ಆಡದೆ ಉಳಿಸಿದ್ದರು. ಜಗಲಿಯ ಮೇಲೆ ಕೂತು, ಹೊಳೆಯ ಕಡೆ ನೋಡುತ್ತ, “ಎಲ್ಲಿಂದ ಬಂತೋ ಗೊತ್ತಿಲ್ಲೆ. ಎಲ್ಲಿಗೆ ಹೋಗ್ತದೆ ಅಂತ ಮಾತ್ರ ಗೊತ್ತದೆ” ಅಂದರು. ಮಗಳು ಒಳಗೆ ಪಾತ್ರೆ ತೊಳೆಯುತ್ತಿದ್ದರು. ಆ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಅಕ್ಕೋರಿಗೆ ಆಗ ಮೂವತ್ತರ ಹತ್ತಿರ. ಗಂಡಿನ ಕಡೆಯವರು ಬಂದು ಹೋಗುತ್ತಿದ್ದರು. ಎಲ್ಲರದೂ ಒಂದೇ ತಕರಾರು: ಈ ಲಂಗರಿ ಅನ್ನುವವರನ್ನು ನಾವು ಕೇಳಿಯೇ ಇಲ್ಲವಲ್ಲ, ನಾಳೆ ಮನೆತನ ವಿಚಾರಿಸಬೇಕೆಂದರೆ ಯಾರಲ್ಲಿ ಹೋಗುವುದು? ಹೀಗೆ ಅಂದು ಹೋದವರನ್ನು ಅಕ್ಕೋರು ಶಿಕ್ಷಕರ ಕೋಣೆಯಲ್ಲಿ ನಡಿಗೆ ಸಮೇತ ಅಭಿನಯಿಸಿ ತೋರಿಸುತ್ತಿದ್ದರು. ಯಾರು ಬಂದು ಹೋದರೂ ಅವರಿಗೆ ಏನೂ ಅನಿಸಿದ ಹಾಗೆ ಕಾಣುತ್ತಿರಲಿಲ್ಲ.

ಹೀಗಿರುವಾಗ ಕುಮಟೆಯ ಒಂದು ಬ್ಯಾಂಕಿನಿಂದ ಶಿಕ್ಷಕರಿಗೆ ಉಳಿತಾಯ ಖಾತೆ ತೆರೆಸಲು ಒಬ್ಬ ಕಾರಕೂನರು ಶಾಲೆಗೆ ಬಂದರು. ದಪ್ಪ ಕನ್ನಡಕ, ನಿಧಾನದ ಮಾತು. ಒಬ್ಬೊಬ್ಬರನ್ನೇ ಹೆಸರು ಕೇಳಿ ಬರೆದುಕೊಳ್ಳುತ್ತಿದ್ದರು. ಅಕ್ಕೋರ ಸರದಿ ಬಂತು. ಅವರು ಹೆಸರು ಹೇಳಿ, ಮುಂದಿನ ಪ್ರಶ್ನೆಗೆ ಯಾವ ಮೂಲಪುರುಷನನ್ನು ಕರೆಯಲಿ ಎಂದು ಆ ಮನುಷ್ಯನ ಮುಖ ನೋಡುತ್ತ ನಿಂತರು. ಆತ ತಲೆಯೆತ್ತಲಿಲ್ಲ. ‘ಲಂಗರಿ’ ಎಂದು ದುಂಡಗೆ ಬರೆದುಕೊಂಡು, ಮುಂದಿನವರು ಬರಬಹುದು ಅಂದರು.

ಆ ಸಂಜೆ ಮನೆಗೆ ಹೋಗುವಾಗ ಅಕ್ಕೋರು  “ಮೊದಲ್ನೇ ಸಲಕ್ಕೇ ಸರಿ ಬರೆದ್ರು, ತಂಗಿ. ಎಂತದೂ ಕೇಳ್ಲೇ ಇಲ್ಲ” ಅಂದರು. ಕೊಡೆಯನ್ನು ಅವರು ಬಿಚ್ಚಲು ಮರೆತಿದ್ದರು. ಬಿಸಿಲು ಇನ್ನೂ ಚುರುಗುಡುತ್ತಿತ್ತು.

ಕಾರಕೂನರೂ ತಮ್ಮ ಮೌನದಲ್ಲಿ ಏನೋ ಬರೆದುಕೊಂಡು ಹೋಗಿರಬೇಕು. ತಿಂಗಳೊಪ್ಪತ್ತಿನಲ್ಲಿ ಅವರ ಮನೆಯಿಂದ ಪ್ರಸ್ತಾಪ ಬಂತು. ಜಾತಿ ಒಂದೇ, ಜಾತಕವೂ ಕೂಡಿತು. ಹುಡುಗನ ಅಡ್ಡಹೆಸರು ನಾಯಕ ಎಂದು ಕೇಳಿ ನಾನು ಅಕ್ಕೋರ ಮುಖ ನೋಡಿದೆ. ಅವರು ನನ್ನ ಕಡೆ ನೋಡದೆ ಸೀರೆಯ ಅಂಚು ಸರಿಮಾಡಿಕೊಂಡರು. ಇವರನ್ನು ಮಾತ್ರ ಅವರು ಶಿಕ್ಷಕರ ಕೋಣೆಯಲ್ಲಿ ಅಭಿನಯಿಸಲಿಲ್ಲ.

ಹುಡುಗನಿಗೆ ತಂದೆ ಇರಲಿಲ್ಲ, ತಾಯಿ ಇದ್ದರು. ಮನೆಯ ದೊಡ್ಡ ಮಾತು ಸೋದರಮಾವನದು. ಈ ಸೋದರಮಾವ ಕುಮಟೆಯಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುತ್ತಿದ್ದವರು. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡದೆ ಕೊಂಡವರಲ್ಲ, ಮನುಷ್ಯರನ್ನೂ ಹಾಗೆಯೇ. ಅವರು ಹೊನ್ನಾವರಕ್ಕೆ ಬಂದು, ಎಲ್ಲ ಒಪ್ಪಿಗೆ, ಆದರೆ ಮನೆತನ ವಿಚಾರಿಸುವುದು ಪದ್ಧತಿ, ಈ ಅಡ್ಡಹೆಸರಿನ ಇನ್ನೊಂದು ಮನೆ ತೋರಿಸಿ, ಹೋಗಿ ಮಾತಾಡಿ ಬರುತ್ತೇನೆ ಅಂದರು. ಅಕ್ಕೋರ ತಂದೆ ಹೊಳೆ ನೋಡಿದರು. ಸೋದರಮಾವ ಮುಂದಿನ ತಿಂಗಳು ಬರುವುದಾಗಿ ಹೇಳಿ ಹೊರಟರು.

ಅಕ್ಕೋರು ಹುಡುಕಲು ಶುರುಮಾಡಿದರು. ಊರಿಗೆ ಬಂದುಹೋಗುವವರನ್ನೆಲ್ಲ ಕೇಳಿದರು. ಕಡೆಗೆ ಶರಾವತಿ ದಾಟಿಸುವ ಲಾಂಚಿನಲ್ಲಿ ಟಿಕೆಟು ಹರಿಯುವವನು ಹೇಳಿದ: ಭಟ್ಕಳದ ಪೇಟೆಯಲ್ಲಿ ಒಂದು ಜವಳಿ ಅಂಗಡಿಯ ಬೋರ್ಡಿನ ಮೇಲೆ ಆ ಹೆಸರು ನೋಡಿದ್ದೇನೆ. ಮರುದಿನ ಭಾನುವಾರ. ನನ್ನನ್ನೂ ಹೊರಡಿಸಿದರು. ಲಾಂಚಿನಲ್ಲಿ ಹೊಳೆ ದಾಟಿ, ಆಚೆ ದಡದಲ್ಲಿ ಬಸ್ಸು ಹಿಡಿದು ಭಟ್ಕಳ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ಬೋರ್ಡು ಇತ್ತು. ಕನ್ನಡದಲ್ಲೂ ಉರ್ದುವಿನಲ್ಲೂ ಬರೆದಿತ್ತು. ಕೆಳಗೆ ಗದ್ದಿಗೆಯ ಮೇಲೆ ಬಿಳಿ ಗಡ್ಡದ, ಜಾಳಿಗೆ ಟೋಪಿಯ ನವಾಯತ ಮುಸಲ್ಮಾನ ಸಾಹೇಬರೊಬ್ಬರು ಕೂತಿದ್ದರು. ನಾನು ಅಕ್ಕೋರ ಸೆರಗು ಜಗ್ಗಿದೆ, ಹಿಂದೆ ಹೋಗೋಣ ಎಂದು. ಅವರು ಸೀದಾ ಮೆಟ್ಟಿಲು ಹತ್ತಿ, ತಮ್ಮ ಹೆಸರು ಹೇಳಿದರು.

ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ನೀವು ಲಂಗರಿ ಆದ್ರೆ ನಾವು ಯಾರು, ಬೇಟಿ?”

“ಅದನ್ನೇ ಕೇಳೂಕೆ ಬಂದೆ, ಸಾಹೇಬ್ರೆ” ಅಂದರು ಅಕ್ಕೋರು.

ಸಾಹೇಬರು ಆಳನ್ನು ಕಳಿಸಿ ಎಳನೀರು ತರಿಸಿದರು. ತಮ್ಮ ಹಿರಿಯರು ಹಡಗಿನಲ್ಲಿ ಬಂದು ಇಲ್ಲಿ ಲಂಗರು ಹಾಕಿದವರು, ಅದಕ್ಕೇ ಆ ಹೆಸರು ಎಂದು ವಿವರಿಸಿದರು. ಹಾಗಾದರೆ ನಿಮ್ಮ ಹಡಗಿನ ಹಗ್ಗವನ್ನು ದಡದಲ್ಲಿ ಹಿಡಿದು ಕಟ್ಟಿದವರು ನಮ್ಮವರು ಇರಬೇಕು, ಆಗ ನಾವೇ ಇಲ್ಲಿ ಮೊದಲಿನವರು ಎಂದು ಅಕ್ಕೋರು ವಾದಿಸಿದರು. ಇಬ್ಬರೂ ಹಿರಿಯ ಶಾಖೆ ಯಾರದು ಎಂದು ಒಂದು ಗಂಟೆ ಜಗಳವಾಡಿದರು. ನಡುವೆ ಬಂದ ಗಿರಾಕಿಗಳಿಗೆ ನಾನೇ ಬಟ್ಟೆಯ ಥಾನು ತೋರಿಸಬೇಕಾಯಿತು. ಭಟ್ಕಳದಲ್ಲಿ ಮೊದಲು ನಾಲ್ಕಾರು ಲಂಗರಿ ಮನೆಗಳಿದ್ದವಂತೆ. ಕೆಲವರು ಮದ್ರಾಸಿಗೆ, ಕೆಲವರು ಕೊಲಂಬೊಕ್ಕೆ ವ್ಯಾಪಾರಕ್ಕೆ ಹೋಗಿ ಅಲ್ಲಿ ಬೇರೆ ಬೇರೆ ಹೆಸರಿನಲ್ಲಿ ಕರಗಿದರಂತೆ. ಈಗ ಉಳಿದದ್ದು ತಮ್ಮದೊಂದೇ ಮನೆ. ಇದನ್ನು ಹೇಳುವಾಗ ಸಾಹೇಬರ ದನಿಯಲ್ಲಿ ಜಗಳವಿರಲಿಲ್ಲ. “ಬಂದರಿನಲ್ಲಿ ಲಂಗರಿನ ಕೆಲಸ ಮಾಡಿದವ್ರಿಗೆಲ್ಲ ಆ ಹೆಸರು ಬಂದಿರ್ಬೇಕು. ಆಗ ಯಾರು ಯಾವ ದೇವರನ್ನ ಕರೀತಿದ್ರೋ ಯಾರು ಕೇಳಿದ್ರು” ಅಂದರು.

ಮನೆಯ ಒಳಗಿನಿಂದ ಅವರ ಬೇಗಂ ನಮ್ಮನ್ನು ಕರೆಸಿಕೊಂಡು ಶ್ಯಾವಿಗೆ ಪಾಯಸ ಕೊಟ್ಟರು. ಅಲ್ಲಿ ಏನು ತಿಂದೆವು ಎಂಬುದನ್ನು ಹೊನ್ನಾವರದಲ್ಲಿ ನಾವು ಯಾರಿಗೂ ಹೇಳಲಿಲ್ಲ. ಬಹಳ ರುಚಿಯಾಗಿತ್ತು ಎಂದು ಇಷ್ಟು ವರ್ಷದ ಮೇಲೆ ಹೇಳಬಹುದು.

ಮುಂದಿನ ತಿಂಗಳು ಸೋದರಮಾವ ಬಂದರು. ಇನ್ನೊಂದು ಮನೆ ಸಿಕ್ಕಿತೇ ಎಂದು ಕೇಳಿದರು. ಅಕ್ಕೋರು ಒಳಗಿನಿಂದಲೇ, ಭಟ್ಕಳದ ಪೇಟೆಯಲ್ಲಿ ದೊಡ್ಡ ಜವಳಿ ಅಂಗಡಿ, ಹಳೆಯ ಕುಳ, ಬೋರ್ಡಿನ ಮೇಲೇ ಹೆಸರಿದೆ ಅಂದರು. ಒಂದು ಮಾತೂ ಸುಳ್ಳಲ್ಲ. ಸೋದರಮಾವನಿಗೆ ಸಂತೋಷವಾಯಿತು. ಅದೇ ದಿನ ಲಾಂಚು ಹತ್ತಿದರು.

ಭಟ್ಕಳದಲ್ಲಿ ನಡೆದದ್ದನ್ನು ಸಾಹೇಬರೇ ಆಮೇಲೆ ನಮಗೆ ಹೇಳಿದ್ದು. ಸೋದರಮಾವ ಅಂಗಡಿಯ ಮುಂದೆ ನಿಂತು ಬೋರ್ಡನ್ನು ಓದಿದರು, ಸಾಹೇಬರನ್ನು ನೋಡಿದರು, ಮತ್ತೆ ಬೋರ್ಡು ಓದಿದರು. ಮಾಲೀಕರು ಊರಲ್ಲಿಲ್ಲವೇ ಎಂದು ಕೇಳಿದರು. ನಾನೇ ಮಾಲೀಕ, ಕೂತುಕೊಳ್ಳಿ ಅಂದರು ಸಾಹೇಬರು. ಕೂತುಕೊಳ್ಳದೆ ಬೇರೆ ದಾರಿ ಇರಲಿಲ್ಲ.  ಹೊನ್ನಾವರದ ಲಂಗರಿಯವರು ನಿಮಗೆ ಏನಾಗಬೇಕು ಎಂದು ಸಣ್ಣ ದನಿಯಲ್ಲಿ ಕೇಳಿದರು. ಸಾಹೇಬರು ತಮ್ಮ ಹೆಣ್ಣುಮಕ್ಕಳ ಮದುವೆ ಮಾಡಿದವರು, ಇಂಥ ಪ್ರಶ್ನೆ ಕೇಳಲು ಬರುವ ಗಂಡಸರ ಮುಖ ಅವರಿಗೆ ಪರಿಚಿತ. ಅವರು ಗಡ್ಡ ನೀವಿಕೊಂಡು, ನಮ್ಮವರೇ, ಹುಡುಗಿ ಬಂಗಾರ, ತಂದೆ ಒಂದು ಹುಳಕ್ಕೂ ನೋವು ಮಾಡುವವರಲ್ಲ, ಮನೆತನದಲ್ಲಿ ಒಂದು ಕಪ್ಪುಚುಕ್ಕೆ ಇಲ್ಲ, ನಿಮ್ಮ ಹುಡುಗನ ಅದೃಷ್ಟ ದೊಡ್ಡದು ಎಂದು ಸಾಕ್ಷಿ ನುಡಿದರು. ಬಂದವರನ್ನು ಬರಿಗೈಯಲ್ಲೂ ಕಳಿಸಲಿಲ್ಲ. ಸೋದರಮಾವ ಎದ್ದು ಹೊರಡುವಾಗ ಅವರ ಕಂಕುಳಲ್ಲಿ ಒಂದು ಜೊತೆ ಪಂಚೆ ಇತ್ತು. ತಾನು ಅದನ್ನು ಏಕೆ ಕೊಂಡೆ ಎಂದು ಅವರಿಗೆ ಕೊನೆಯವರೆಗೂ ಹೊಳೆಯಲಿಲ್ಲವಂತೆ.

ಮರುದಿನ ಅವರು ಹೊನ್ನಾವರಕ್ಕೆ ಬಂದಾಗ ನಾನು ಅಕ್ಕೋರ ಮನೆಯಲ್ಲೇ ಇದ್ದೆ. ಜಗಲಿ ಹತ್ತುವಾಗಲೇ ಅವರ ಮುಖ ಕೆಂಪಾಗಿತ್ತು. ನಿಮ್ಮ ಮನೆಯವರು ನನ್ನನ್ನು ಊರಲ್ಲಿ ನಗೆಪಾಟಲು ಮಾಡಿದರು ಎಂದು ಅಕ್ಕೋರ ತಂದೆಯ ಮೇಲೆ ಹರಿಹಾಯ್ದರು. ತಂದೆಗೆ ಏನೂ ಗೊತ್ತಿರಲಿಲ್ಲ. ಪಾಪ, ಅವರು ಎದ್ದು ನಿಂತು ಕೈ ಜೋಡಿಸಿದರು. ಆಗ ಅಕ್ಕೋರು ಹೊರಗೆ ಬಂದರು.

“ಮನೆತನ ವಿಚಾರಿಸ್ಬೇಕು ಅಂದ್ರಿ, ವಿಳಾಸ ಕೊಟ್ಟೆ. ಅವ್ರು ನಮ್ಮ ಬಗ್ಗೆ ಕೆಟ್ಟ ಮಾತು ಎಂತಾದ್ರೂ ಹೇಳಿದ್ರಾ?”

ಸೋದರಮಾವ ಈ ಸಂಬಂಧ ಇಲ್ಲಿಗೆ ಮುಗಿಯಿತು ಎಂದು ಹೇಳಿ ಮೆಟ್ಟಿಲು ಇಳಿದರು.

ಅವರು ಓಣಿ ದಾಟುವವರೆಗೆ ಅಕ್ಕೋರು ನಗುತ್ತಲೇ ನಿಂತಿದ್ದರು. ತಂದೆ ಒಳಗೆ ಹೋಗಿ ಮಲಗಿಬಿಟ್ಟರು. ಇನ್ನೂ ಸಂಜೆಯ ದೀಪ ಹಚ್ಚಿರಲಿಲ್ಲ. ಅಕ್ಕೋರು ಜಗಲಿಯ ಕಂಬಕ್ಕೆ ಒರಗಿ ಕೂತರು. ಅವರ ಭುಜಗಳು ಕುಲುಕುತ್ತಿದ್ದವು. ನಾನು ಹಿಂದೆ ಕೂತಿದ್ದೆ. ಆ ದಿನ ಮಾತ್ರ ಅದು ನಗು ಅಲ್ಲ ಎಂದು ನನಗೆ ಗೊತ್ತಾಯಿತು.

ಆ ಮೇಲಿನ ದಿನಗಳಲ್ಲಿ ಅವರು ಪಾಠಪುಸ್ತಕದಲ್ಲಿ ಇದ್ದಷ್ಟನ್ನೇ ಕಲಿಸಿದರು. ಹುಡುಗಿಯರು ಬೇಕೆಂದೇ ರಾಣಿಯ ಲಂಗದ ವಿಷಯ ಎತ್ತಿದರೂ ಪುಟ ತಿರುಗಿಸಿದರು. ಇಡೀ ಶಾಲೆಯೇ ಮಂಕಾಗಿತ್ತು.

ಒಂದು ಭಾನುವಾರ ಕಾರಕೂನರು ತಾವೇ ಕುಮಟೆಯಿಂದ ಬಂದರು. ಜಗಲಿಯ ಮೇಲೆ ಅಕ್ಕೋರ ತಂದೆಯ ಎದುರು ಕೂತು, ಕನ್ನಡಕ ಸರಿಮಾಡಿಕೊಂಡು, ತಮ್ಮ ನಿಧಾನದ ಮಾತಿನಲ್ಲಿ ಹೇಳಿದರು. ಮಾವ ತಂದ ಪಂಚೆ ಚೆನ್ನಾಗಿದೆ. ಆ ಅಂಗಡಿ ನೋಡಬೇಕೆಂದು ತಾವೂ ನಿನ್ನೆ ಭಟ್ಕಳಕ್ಕೆ ಹೋಗಿದ್ದರು. ಸಾಹೇಬರು ಕೂಡಿಸಿಕೊಂಡು ಇವರನ್ನೇ ಪ್ರಶ್ನೆ ಕೇಳಿದರಂತೆ: ನಮ್ಮ ಹುಡುಗಿಯನ್ನು ಕೇಳಲು ಬಂದಿದ್ದೀರಿ, ಸರಿ. ನಾಯಕ ಅನ್ನುತ್ತೀರಿ. ಜಿಲ್ಲೆ ತುಂಬ ನಾಯಕರಿದ್ದಾರೆ. ನಿಮ್ಮ ಮನೆತನವನ್ನು ನಾವು ಯಾರಲ್ಲಿ ವಿಚಾರಿಸಬೇಕು?

“ಅದಕ್ಕೆ ನನ್ನತ್ರ ಉತ್ತರ ಇರ್ಲಿಲ್ಲ” ಅಂದರು ಕಾರಕೂನರು. “ಅದ್ಕೇ ಇಲ್ಲಿಗೆ ಬಂದೆ. ನಿಮ್ಗೆ ಒಪ್ಪಿಗೆ ಆದ್ರೆ, ವಿಚಾರಿಸದೇ ಕೊಡಬೇಕಾಗ್ತದೆ.”

ಒಳಗಿನ ಬಾಗಿಲ ಸಂದಿಯಲ್ಲಿ ನಿಂತಿದ್ದ ಅಕ್ಕೋರು ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ನನ್ನ ಬಳೆ ಒಡೆಯಿತು. ತಂದೆ ಬಹಳ ಹೊತ್ತು ಹೊಳೆ ನೋಡಿದರು. ಆಮೇಲೆ “ಆತು” ಅಂದರು. ಆ ಒಂದು ಮಾತಿಗೆ ಮದುವೆ ನಿಶ್ಚಯವಾಯಿತು.

ಸೋದರಮಾವನನ್ನು ಒಪ್ಪಿಸಿದ್ದು ಹುಡುಗನ ತಾಯಿ. ನನಗೆ ಬೇಕಾದದ್ದು ಸೊಸೆ, ಅವಳ ಅಡ್ಡಹೆಸರನ್ನು ನಾನು ಅಟ್ಟದ ಮೇಲಿಡಬೇಕೇ ಎಂದು ಆಕೆ ತಮ್ಮನನ್ನು ಗದರಿದರಂತೆ. ಮದುವೆಗೆ ಭಟ್ಕಳದ ಸಾಹೇಬರು ಬಂದರು. ತವರಿನವರ ಉಡುಗೊರೆ ಎಂದು ಒಂದು ಜರಿಯ ಸೀರೆ ತಂದರು. ಹೆಣ್ಣಿನ ಕಡೆಯ ಹಿರಿಯರ ಸಾಲಿನಲ್ಲಿ ಮುಂದೆಯೇ ಕೂತರು. ಆ ಸಾಲಿನಲ್ಲಿ ಇದ್ದವರೇ ಕಡಿಮೆ. ಗಂಡಿನ ಕಡೆಯಿಂದ ಪಾನಕ ಹಿಡಿದು ಉಪಚಾರಕ್ಕೆ ಬಂದವರು ಸೋದರಮಾವ. ಅವರು ಉಟ್ಟ ಪಂಚೆಯನ್ನು ಸಾಹೇಬರು ಗುರುತು ಹಿಡಿದು, ಬಟ್ಟೆ ಹೇಗಿದೆ, ತೊಳೆದ ಮೇಲೆ ಕುಗ್ಗಿತೇ ಎಂದು ಕೇಳಿದರು. ಸೋದರಮಾವ ಮೊದಲು ಬಿಗುಮಾನದಿಂದ ಇಲ್ಲ ಅಂದರು. ಊಟದ ಹೊತ್ತಿಗೆ ಇಬ್ಬರೂ ತೆಂಗಿನಕಾಯಿ ಧಾರಣೆ ಮಾತಾಡುತ್ತ ಒಂದೇ ಬೆಂಚಿನ ಮೇಲೆ ಕೂತಿದ್ದರು.

ಗಂಡನ ಮನೆಯಲ್ಲಿ ಅಕ್ಕಿಯ ಮೇಲೆ ಉಂಗುರದಿಂದ ಸೊಸೆಗೆ ಹೊಸ ಹೆಸರು ಬರೆದರು. ಅಕ್ಕೋರು ತಕರಾರಿಲ್ಲದೆ ಒಪ್ಪಿಕೊಂಡರು. ಮನೆಯಲ್ಲಿ ನಿಮ್ಮ ಹೆಸರು ಇರಲಿ, ಶಾಲೆಯಲ್ಲಿ ನನ್ನದು ಇರಲಿ ಎಂದು ಅತ್ತೆಗೆ ಹೇಳಿದರಂತೆ. ಕುಮಟೆಯ ಶಾಲೆಗೆ ವರ್ಗವಾದಾಗ ಕಚೇರಿಯವರು ಮದುವೆಯಾದ ಮೇಲೆ ಅಡ್ಡಹೆಸರು ಬದಲಿಸಬೇಕಲ್ಲ ಎಂದು ತಕರಾರು ತೆಗೆದರು. “ಮದುವೆ ಆದದ್ದು ನಾನು, ನನ್ನ ನೌಕರಿ ಅಲ್ಲ” ಎಂದು ಉತ್ತರ ಕೊಟ್ಟು ಬಂದರು. ಅವರು ಮತ್ತೆ ಕೇಳಲಿಲ್ಲ.

ಆಮೇಲೆ ಕೆಲವು ವರ್ಷಗಳಿಗೆ ನನಗೂ ಕುಮಟೆಗೆ ವರ್ಗವಾಯಿತು. ಬಸ್ಸಿನಿಂದ ಇಳಿದು ಅವರ ಮನೆ ಎಲ್ಲಿ ಎಂದು ಮೀನು ಮಾರುವ ಹೆಂಗಸೊಬ್ಬಳನ್ನು ಕೇಳಿದೆ. ಯಾವ ನಾಯಕರು ಎಂದಳು. ಬ್ಯಾಂಕಿನ ನಾಯಕರು ಅಂದೆ. ಬ್ಯಾಂಕಿನಲ್ಲಿ ಬಹಳ ನಾಯಕರಿದ್ದಾರೆ, ನಿಮಗೆ ಬೇಕಾದವರು ಲಂಗರಿ ನಾಯಕರೋ ಎಂದಳು. ನಾನು ದಂಗಾದೆ. ವಿಚಾರಿಸಿದರೆ ಊರೆಲ್ಲ ಆ ಕಾರಕೂನರನ್ನು ಹಾಗೇ ಕರೆಯುತ್ತಿತ್ತು. ಬ್ಯಾಂಕಿನಲ್ಲಿ ನಾಯಕರ ನಡುವೆ ಗುರುತಿಗೆ ಏನಾದರೂ ಬೇಕಿತ್ತು. ಲಂಗರಿ ಅಕ್ಕೋರ ಯಜಮಾನರು ಎಂದು ಶುರುವಾದದ್ದು ಲಂಗರಿ ನಾಯಕರಾಗಿ, ಈಗೀಗ ಬರೀ ಲಂಗರಿಯವರು ಎಂಬಲ್ಲಿಗೆ ಬಂದಿತ್ತು. ಇದು ತಾನಾಗಿ ಆದದ್ದೇ ಎಂದು ಅಕ್ಕೋರನ್ನು ಕೇಳಿದೆ. ಅಂಗಡಿಯವರಿಗೆ, ಹಾಲಿನವಳಿಗೆ, ಅಗಸನಿಗೆ ತಾವು ಮನೆಯ ಗುರುತನ್ನು ಹೇಗೆ ಹೇಳುತ್ತಿದ್ದರು ಎಂಬುದನ್ನು ಅವರು ನನಗೆ ಹೇಳಲಿಲ್ಲ. ಭುಜಗಳು ಮಾತ್ರ ಕುಲುಕಿದವು.

ಅದೇ ವರ್ಷ ಅವರ ತಂದೆ ಕೆಲವು ದಿನ ಇರಲು ಹೊನ್ನಾವರದಿಂದ ಬಂದರು. ಆಗ ಬಹಳ ಇಳಿದುಹೋಗಿದ್ದರು, ಕಿವಿ ಮಾತ್ರ ಚುರುಕಾಗಿತ್ತು. ಒಂದು ಬೆಳಿಗ್ಗೆ ಅಳಿಯನ ಜೊತೆ ಪೇಟೆಗೆ ಹೋದರು. ನಾನು ಊಟಕ್ಕೆ ಅವರ ಮನೆಯಲ್ಲೇ ಇದ್ದೆ. ಮಾವ ಅಳಿಯ ಹಿಂದಿರುಗಿ ಕೈಕಾಲು ತೊಳೆದು ಎಲೆಯ ಮುಂದೆ ಕೂತರು. ಅಕ್ಕೋರು ಬಡಿಸುತ್ತಿದ್ದರು. ಮಾತಾಡದ ಆ ಮನುಷ್ಯ ಅನ್ನ ಕಲಸುತ್ತ ತಾವಾಗಿಯೇ ಬಾಯಿ ತೆರೆದರು.

“ಪೇಟೆಯಲ್ಲಿ ಯಾರೋ ಹಿಂದಿಂದ ‘ಓ ಲಂಗರಿಯವ್ರೆ’ ಅಂತ ಕರೆದ್ರು. ನಾನು ತಿರುಗಿ ನೋಡ್ದೆ. ಕರೆದದ್ದು ನನ್ನನ್ನಲ್ಲ, ಇವ್ರನ್ನ.” ಎಡಗೈಯಲ್ಲಿ ಅಳಿಯನನ್ನು ತೋರಿಸಿದರು. ಒಂದು ತುತ್ತು ಬಾಯಿಗಿಟ್ಟು, ನುಂಗಿ, ಮತ್ತೆ ಹೇಳಿದರು. “ಇಷ್ಟು ವರ್ಷ ಹಂಗೆ ಕರೆದ್ರೆ ತಿರುಗೂದಕ್ಕೆ ನಾನೊಬ್ನೇ ಇದ್ದೆ. ಇವತ್ತು ಇಬ್ರೂ ತಿರುಗಿದ್ವು.”

ಕಾರಕೂನರು ತಲೆ ಬಗ್ಗಿಸಿ ಊಟ ಮಾಡುತ್ತಿದ್ದರು. ಡೆಪ್ಯುಟಿ ಸಾಹೇಬರಿಗೂ ಸೋದರಮಾವನಿಗೂ ಕೂಡಲೇ ಉತ್ತರ ಕೊಟ್ಟಿದ್ದ ಅಕ್ಕೋರು ಸಾರು ಉಕ್ಕುತ್ತಿದೆ ಎಂದು ಹೇಳಿ ಒಳಗೆ ಹೋದರು. ಸಾರನ್ನು ಅವರು ಆಗಲೇ ಬಡಿಸಿಯಾಗಿತ್ತು. ಪಾತ್ರೆ ನನ್ನ ಎಲೆಯ ಪಕ್ಕದಲ್ಲೇ ಇತ್ತು.